ತ್ರೀ ಫೇಸ್ ಬಂದಾಗ ಕಾಯದ ಓವನ್

ಅತ್ತಿಗೆಯ ರಾಗಿ ಬಿಸ್ಕತ್ತು ಹಸಿಯಾಗಿಯೇ ಉಳಿಯುತ್ತಿತ್ತು. ರಾಗಿಯ ಬಣ್ಣ ಮೋಸದ್ದು. ಬೆಂದಿದ್ದರೂ ಕಂದು, ಬೇಯದಿದ್ದರೂ ಕಂದು. ಕೈಯಲ್ಲಿ ಹಿಡಿದರಷ್ಟೇ ಗೊತ್ತಾಗುತ್ತಿತ್ತು: ಬಿಸ್ಕತ್ತು ಮುರಿಯುವ ಬದಲು ಚಪಾತಿಯಂತೆ ಬಾಗುತ್ತಿತ್ತು. ದೇವನಹಳ್ಳಿಯ ಅಂಗಡಿಯವರೊಬ್ಬರು ಶನಿವಾರ ಮಾದರಿ ತರಲು ಹೇಳಿದ್ದರು. ಚೆನ್ನಾಗಿದ್ದರೆ ವಾರವಾರ ತೆಗೆದುಕೊಳ್ಳುವ ಮಾತು. ವರ್ಷಗಟ್ಟಲೆ ಮನೆಯವರಿಗಷ್ಟೇ ಬೇಯಿಸಿದ ಅತ್ತಿಗೆಗೆ ಅವರು ಮೊದಲ ಹೊರಗಿನ ಗಿರಾಕಿ. ಗುರುವಾರವಾದರೂ ಒಂದು ಟ್ರೇಯೂ ಸರಿಬಂದಿರಲಿಲ್ಲ.

ನಮ್ಮದು ಕುಂದಾಣದ ಕಡೆ ತೋಟದ ಮನೆ. ಪಂಪ್‌ಸೆಟ್ಟುಗಳ ಲೈನಿನಿಂದಲೇ ಮನೆಗೂ ಕರೆಂಟು. ದಿನಕ್ಕೆ ಕೆಲವು ಗಂಟೆ ತ್ರೀ ಫೇಸ್ ಬಿಡುತ್ತಾರೆ, ಆಗ ಬೋರ್‌ವೆಲ್ ಮೋಟಾರುಗಳು ಓಡುತ್ತವೆ. ಉಳಿದ ಹೊತ್ತು ಮನೆಬಳಕೆಗೆ ಸಿಂಗಲ್ ಫೇಸ್. ಈಚೆಗೆ ತಂದ ಓವನ್ನಿನಂಥ ದೊಡ್ಡ ಸಾಮಾನಿಗೆ ತ್ರೀ ಫೇಸೇ ಸರಿ ಎಂದು ಅತ್ತಿಗೆಗೆ ಹೇಳಿದ್ದು ನಾನು. ಹಾಗೆಂದು ನೆನಪು. ನಾನೇ ಹೇಳಿದ್ದೋ, ಊರವರು ಹೇಳುವುದಕ್ಕೆ ತಲೆಯಾಡಿಸಿದ್ದೋ, ಖಚಿತವಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಬರೀ ತಲೆಯಾಡಿಸಿದ್ದರೂ ತಪ್ಪು ಅಷ್ಟೇ ದೊಡ್ಡದು.

ಓವನ್ನಿನ ಬಾಗಿಲ ರಬ್ಬರಿನ ನಡುವೆ ಕಾಗದದ ಚೂರು ಸಿಕ್ಕಿಸಿ ಎಳೆದೆ, ಬಿಗಿಯಾಗಿಯೇ ಇತ್ತು. ಮೇಲಿನ, ಕೆಳಗಿನ ರಾಡುಗಳೆರಡೂ ಕೆಂಪಾಗುತ್ತಿದ್ದವು, ಆದರೆ ಮಂಕಾಗಿ. ನೂರೆಂಬತ್ತು ಡಿಗ್ರಿಗೆ ಇಟ್ಟರೂ ಒಳಗಿನ ಥರ್ಮಾಮೀಟರು ನೂರಮೂವತ್ತು ದಾಟಲಿಲ್ಲ. ಥರ್ಮೋಸ್ಟಾಟ್ ಕೆಟ್ಟಿದೆ ಎಂದು ತೀರ್ಮಾನಿಸಿ, ಹೊಸಕೋಟೆಗೆ ಹೋಗಿ ಹೊಸದು ತಂದು, ಪ್ಲಗ್ ತೆಗೆದು ಕೂರಿಸಿದೆ. ಶುಕ್ರವಾರ ಬೆಳಿಗ್ಗೆ ತ್ರೀ ಫೇಸ್ ಬಂದೊಡನೆ ಮತ್ತೊಂದು ಟ್ರೇ. ಮತ್ತೆ ಬಾಗಿತು.

"ನಿನ್ ಫಿಸಿಕ್ಸೆಲ್ಲಾ ಪರೀಕ್ಷೆಗೇ ಖರ್ಚಾಗೋಯ್ತೇನಪ್ಪಾ?" ಅತ್ತಿಗೆ ನಗುತ್ತಲೇ ಕೇಳಿದರು. ಆದರೆ ಟ್ರೇಯನ್ನು ಕುಕ್ಕಿದ ರೀತಿಯಲ್ಲಿ ನಗುವಿರಲಿಲ್ಲ.

ಅಷ್ಟರಲ್ಲಿ ಪಕ್ಕದ ದ್ರಾಕ್ಷಿ ತೋಟದವನು ಬೇಲಿಯಾಚೆಯಿಂದ ಕೂಗಿದ. "ಲೇ, ನಿಮ್ ಮೋಟ್ರು ನೀರೆತ್ತುತಾ? ನಮ್ದು ಬರೀ ಗುಂಯ್ ಅಂತದೆ ಕಣೋ."

"ನಮ್ದೂ ಸಣ್ಣಗೆ ಬರ್ತಿದೆ."

"ಇನ್ನೇನ್ ಮತ್ತೆ! ತ್ರೀ ಫೇಸ್ ಬಂದೇಟ್ಗೆ ಊರೋರೆಲ್ಲಾ ಒಂದೇ ಸಲ ಸ್ವಿಚ್ ಒತ್ತಿದ್ರೆ ವೋಲ್ಟೇಜ್ ಎಲ್ಲುಳೀತದೆ?"

ನಾನೂ ಅತ್ತಿಗೆಯೂ ಓವನ್ನಿನ ಕಡೆ ತಿರುಗಿದೆವು. ಮೊದಲು ತಿರುಗಿದ್ದು ತಾನೆಂದು ಅತ್ತಿಗೆ ಇಂದಿಗೂ ವಾದಿಸುತ್ತಾರೆ. ನನ್ನ ಡೈರಿಯ ಆ ದಿನದ ಪುಟದಲ್ಲಿ "ಮತ್ತೆ ಹಸಿ" ಎಂದಷ್ಟೇ ಇದೆ. ಹಾಗಾಗಿ ಅವರನ್ನೇ ನಂಬುತ್ತೇನೆ. ಓವನ್ನಿಗೆ ಬೇಕಿದ್ದದ್ದು ಒಂದೇ ಫೇಸು. ನಾವು ವೋಲ್ಟೇಜು ಕುಸಿಯುವ ಗಂಟೆಗಳನ್ನೇ ಆರಿಸಿ ಅದನ್ನು ಹಚ್ಚುತ್ತಿದ್ದೆವು.

ಅದೇ ದಿನ ಹನ್ನೊಂದಕ್ಕೆ ತ್ರೀ ಫೇಸ್ ಹೋಗಿ ಮೋಟಾರುಗಳು ನಿಂತ ಮೇಲೆ ಹೊಸ ಟ್ರೇ ಒಳಗೆ ಹೋಯಿತು. ಥರ್ಮಾಮೀಟರಿನ ಮುಳ್ಳು ನಿಧಾನಕ್ಕೆ ಏರಿ ನೂರೆಂಬತ್ತರಲ್ಲಿ ನಿಂತಿತು. ಆರಿದ ಮೊದಲ ಬಿಸ್ಕತ್ತು ಅತ್ತಿಗೆಯ ಬೆರಳುಗಳಲ್ಲಿ ಎರಡಾಯಿತು.

ಶನಿವಾರ ಅಂಗಡಿಯವರು ಒಂದು ತಿಂದು, ಕೇಳದೆಯೇ ಇನ್ನೊಂದನ್ನೂ ತೆಗೆದುಕೊಂಡರು. "ಸೋಮವಾರದಿಂದ ಕಳ್ಸಿಯಮ್ಮಾ. ಅವತ್ತೇ ಬೇಯ್ಸಿದ್ದು, ಬೆಳಿಗ್ಗೆ ಎಂಟಕ್ಕೆಲ್ಲಾ ಬರ್ಬೇಕು."

ನಾನು ಆಗಲಿ ಎನ್ನಲು ಬಾಯಿ ತೆರೆದೆ.

"ಎಂಟಕ್ಕಾಗಲ್ಲ," ಎಂದರು ಅತ್ತಿಗೆ. "ಹನ್ನೊಂದಕ್ಕೆ ತ್ರೀ ಫೇಸ್ ಹೋದ್ಮೇಲೇ ಓವನ್ ಕಾಯೋದು. ಮಧ್ಯಾಹ್ನ ಎರಡಕ್ಕೆ ಕೊಡ್ತೀನಿ. ಕರೆಂಟ್ ಟೈಮ್ ಬದಲಾದ್ರೆ ಹಿಂದಿನ್ ದಿನವೇ ಫೋನ್ ಮಾಡ್ತೀನಿ."

ಅಂಗಡಿಯವರು ಕ್ಷಣ ಯೋಚಿಸಿದರು. ಆಮೇಲೆ ಬಿಸ್ಕತ್ತಿಗೆಂದು ಗಾಜಿನ ಭರಣಿಯೊಂದನ್ನು ಖಾಲಿ ಮಾಡಿ ಒರೆಸತೊಡಗಿದರು.