ಸುಣ್ಣ ತಿನ್ನುವವರಿಗೆ ಮನೆ

ನಾಗರತ್ನಕ್ಕನ ಖಾನಾವಳಿಯಲ್ಲಿ ನಾನು ಹನ್ನೊಂದು ವರ್ಷ ಊಟ ಮಾಡಿದ್ದೇನೆ. ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತ ನಾನು, ಹೆಸರು ಅಮರೇಶ, ಖಾನಾವಳಿಯ ಓಣಿಯಲ್ಲೇ ನನ್ನ ಖೋಲಿ. ಬೆಳಗಿನಿಂದ ಸೆರಗು ಬಿಚ್ಚಿ ತೋರಿಸಿ, ಬಣ್ಣದ ಗುಣಗಾನ ಮಾಡಿ, ಕೊನೆಗೆ ಗಿರಾಕಿ "ಮನ್ಯಾಗ ಕೇಳಿ ಬರ್ತೇವ್ರಿ" ಎಂದು ಎದ್ದು ಹೋದಾಗ ಏರುವ ಪಿತ್ತವನ್ನು ಇಳಿಸುತ್ತಿದ್ದದ್ದು ಆಕೆಯ ಬಿಸಿ ರೊಟ್ಟಿ. ಹಾಗಾಗಿ ಆಕೆಯ ಬಗ್ಗೆ ನಾನು ಬರೆದರೆ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ.

ಕಲಾದಗಿಯ ಒಕ್ಕಲು ಮನೆತನದ ಮಗಳು ಆಕೆ. ಮದುವೆಯಾಗಿ ಇಳಕಲ್ಲಿಗೆ ಬಂದಳು, ಗಂಡ ಬೇಗ ತೀರಿಕೊಂಡ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಲೆ ಹೂಡಿ ರೊಟ್ಟಿ ಬಡಿಯಲು ಕೂತಳು. ಈಗ ಐವತ್ತೆರಡು. ಲಿಂಗಪೂಜೆ ಮುಗಿಸಿ ಒಲೆಯ ಮುಂದೆ ಕೂತರೆ ಮಧ್ಯಾಹ್ನ ಮೂರರವರೆಗೆ ಏಳುವ ಮಾತಿಲ್ಲ. "ಇವತ್ತ ಬದನಿಕಾಯಿ ಬಲತಿದ್ವು, ಪಲ್ಯ ಚಲೋ ಆಗಿಲ್ಲ, ಹೆಸರುಕಾಳ ತಗೋರಿ" ಎಂದು ತನ್ನ ಗಿರಾಕಿಗೆ ತಾನೇ ಹೇಳುವ ಖಾನಾವಳಿಯವಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಆಕೆ ಏನು ಹೇಳಿದರೂ ಊರು ನಂಬುತ್ತಿತ್ತು. ಕಷ್ಟವೆಂದರೆ, ಕೈ ರೊಟ್ಟಿ ಬಡಿಯುತ್ತಿರುವಷ್ಟು ಹೊತ್ತು ಬಾಯಿ ಸುಮ್ಮನಿರುತ್ತಿರಲಿಲ್ಲ. ಒಂದು ರೊಟ್ಟಿಗೆ ಒಂದು ಸುದ್ದಿಯಾದರೂ ಬೇಕು.

ಕಳೆದ ವರ್ಷ ಆ ಸುದ್ದಿ ಆಕೆಯ ತಲೆಯ ಮೇಲೇ ಬಂದು ವಾಸವಾಯಿತು. ಕಲ್ಲು ಕೊಯ್ಯುವ ಹೊಸ ಯಂತ್ರಗಳನ್ನು ನೋಡಿಕೊಳ್ಳಲು ಗ್ರಾನೈಟ್ ಕಂಪನಿಯೊಂದು ಮೆಕ್ಸಿಕೊದಿಂದ ರೂಬೆನ್ ಎಂಬ ತಂತ್ರಜ್ಞನನ್ನು ಕರೆಸಿತ್ತು. ಅವನೂ ಅವನ ಹೆಂಡತಿ ಯೊಲಾಂದಾಳೂ ಖಾನಾವಳಿಯ ಮಹಡಿಗೆ ಬಾಡಿಗೆಗೆ ಬಂದರು. ಅಮೇರಿಕದವರು ಬರುತ್ತಾರಂತೆ ಎಂದು ಓಣಿ ಬೆಳಗಿನಿಂದ ಕಾದಿತ್ತು. ಜೀಪಿನಿಂದ ಇಳಿದದ್ದು ಗೋಧಿ ಬಣ್ಣದ, ಕಪ್ಪು ಕೂದಲಿನ, ಬೆನ್ನ ಮೇಲೆ ಉದ್ದ ಜಡೆಯ ಹೆಣ್ಣುಮಗಳು. ಓಣಿಗೆ ಮೋಸ ಹೋದಂತಾಯಿತು.

"ಇವ್ರು ನಮ್ಮಂಗ ಅದಾರಲ್ಲೋ," ಎಂದರು ಒಬ್ಬರು. ಕೊರಳಲ್ಲಿ ಶಿಲುಬೆ ನೋಡಿದವರು ಗೋವಾದವರು ಎಂದರು. ಕಣ್ಣು ನೋಡಿದವರು ನೇಪಾಳ ಎಂದರು. ಅವರದು ಸ್ಪ್ಯಾನಿಷ್ ಮಾತು, ದೇಶ ಮೆಕ್ಸಿಕೊ, ಅಮೇರಿಕದ ಕೆಳಗೆ ಬರುತ್ತದೆ ಎಂದು ನಾನು ಪಾಠ ಮಾಡಿದೆ. "ಕೆಳಗಂದ್ರ ಬಾಡಿಗಿಗೆ ಅದಾರೇನು?" ಎಂದು ಕೇಳಿದರು. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ಕನ್ನಡದಲ್ಲಿ ಮಾತಾಡಿಸಿ, ಉತ್ತರ ಬರದಿದ್ದಾಗ, "ಸೊಕ್ಕ ನೋಡ ಆಕೀದು, ಎಲ್ಲಿ ಊರ ಗೌಡರ ಸೊಸೀನೋ ಏನೋ" ಎಂದು ಸಿಟ್ಟಾದಳು. ಬಿಳಿ ಚರ್ಮವಿದ್ದಿದ್ದರೆ ಅದೇ ಮೌನಕ್ಕೆ ಎರಡು ಟೊಮೆಟೊ ಹೆಚ್ಚಿಗೆ ಸಿಗುತ್ತಿದ್ದವು. ಮೂರು ತಿಂಗಳಲ್ಲಿ ಯೊಲಾಂದಾ ಓಣಿಯ ಬಾಯಲ್ಲಿ ಯಲ್ಲವ್ವ ಆದಳು. ನಾಗರತ್ನಕ್ಕನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಬೆಳ್ಳುಳ್ಳಿ ಸುಲಿಯುತ್ತ, ಅಪ್ಪಟ ಇಳಕಲ್ ಕನ್ನಡ ಕಲಿತಳು.

ಈ ನಡುವೆ ಸುಣ್ಣದ ಪ್ರಕರಣ ನಡೆಯಿತು. ಬಂದ ಮೊದಲ ತಿಂಗಳಲ್ಲೇ ಯೊಲಾಂದಾ ಅರ್ಷದನ ಪಾನ್ ಅಂಗಡಿಗೆ ಹೋಗಿ ಎಲೆಗೆ ಹಚ್ಚುವ ಸುಣ್ಣ ಕೇಳಿದ್ದಳು. ಅರ್ಷದ ಒಂದು ಪುಟ್ಟ ಡಬ್ಬಿ ಕೊಟ್ಟ. ಆಕೆ ತಲೆಯಾಡಿಸಿ, ಎರಡೂ ಕೈ ಅಗಲಿಸಿ, ಇಷ್ಟು ಬೇಕು ಎಂದು ತೋರಿಸಿದಳು. ಅರ್ಷದ ಅಂಗಡಿ ಬಿಟ್ಟು ಸೀದಾ ನಾಗರತ್ನಕ್ಕನ ಹತ್ತಿರ ಬಂದ. "ಅಕ್ಕಾರ, ನಿಮ್ಮ ಮ್ಯಾಲಿನಾಕಿ ದಿನಕ್ಕ ಎಷ್ಟ ಎಲಿ ತಿಂತಾಳ್ರಿ?"

ನಾಗರತ್ನಕ್ಕ ಮೇಲೆ ಹೋಗಿ ನೋಡಿದಳು. ಗೋವಿನಜೋಳ ಸುಣ್ಣದ ನೀರಿನಲ್ಲಿ ಕುದಿಯುತ್ತಿತ್ತು. ಹಾಗೆ ಕುದಿಸಿ, ನೆನೆಯಿಟ್ಟು, ಮಾರನೆಯ ದಿನ ಮೂರು ನೀರಿನಲ್ಲಿ ತಿಕ್ಕಿ ತೊಳೆದು ಸುಣ್ಣವನ್ನೆಲ್ಲ ಕಳೆಯಬೇಕು. ಸಿಪ್ಪೆ ಬಿಡುತ್ತದೆ, ರುಬ್ಬಿದರೆ ಹಿಟ್ಟು ಹದಕ್ಕೆ ಬರುತ್ತದೆ, ರೊಟ್ಟಿ ಹರಿಯುವುದಿಲ್ಲ. ಯೊಲಾಂದಾಳ ಊರಿನಲ್ಲಿ ಅಜ್ಜಿ ಮುತ್ತಜ್ಜಿಯರ ಕಾಲದಿಂದ ಹೀಗೆಯೇ. ಮಾರನೆಯ ದಿನ ತೊಳೆಯುವುದನ್ನೂ ರುಬ್ಬುವುದನ್ನೂ ನಾಗರತ್ನಕ್ಕ ನಿಂತು ನೋಡಿದಳು.

ಆದರೆ ಮಧ್ಯಾಹ್ನದ ಪಂಕ್ತಿಗೆ ಸುದ್ದಿ ಬಡಿಸುವಾಗ ತೊಳೆಯುವ ಭಾಗವನ್ನು ಬಿಟ್ಟುಬಿಟ್ಟಳು. "ಕೋಳಿಗೆ ಹಾಕೂ ಗೋಂಜಾಳ ಸುಣ್ಣದಾಗ ಕುದಿಸಿ ತಿಂತಾರ್ರಿ ನಮ್ಮ ಮ್ಯಾಲಿನವ್ರು," ಎಂದಳು. ಪಂಕ್ತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಪೂರ್ತಿ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ಅಲ್ಲಿ ಉಣ್ಣುವವರಲ್ಲಿ ಅರ್ಧ ಜನ ಬಸ್ಸಿನ ಡ್ರೈವರ್, ಕಂಡಕ್ಟರುಗಳು. ಸುದ್ದಿ ಟಿಕೆಟ್ ಇಲ್ಲದೆ ಬಸ್ ಹತ್ತಿ ಜಿಲ್ಲೆಯೆಲ್ಲ ಓಡಾಡಿತು, ಪ್ರತಿ ನಿಲ್ದಾಣದಲ್ಲೂ ಸ್ವಲ್ಪ ಸ್ವಲ್ಪ ದಪ್ಪವಾಯಿತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಟ್ಟಡದ ಮಾಲೀಕರಿಂದ ಮಾತು ಬಂತು. ಹಳೇ ಕಟ್ಟಡ ಕೆಡವುತ್ತಾರೆ, ಯುಗಾದಿಯೊಳಗೆ ಮೇಲೂ ಕೆಳಗೂ ಖಾಲಿ ಮಾಡಬೇಕು. ಇಳಕಲ್ಲಿನ ಬಸ್ ನಿಲ್ದಾಣದ ಸುತ್ತ ಒಲೆ ಹೂಡುವಷ್ಟು ಜಾಗವೂ ಖಾಲಿ ಇರಲಿಲ್ಲ. ರೂಬೆನ್ ಹೇಗೂ ಕಂಪನಿಯ ಜೀಪಿನಲ್ಲಿ ಜಿಲ್ಲೆಯ ಕ್ವಾರಿಗಳನ್ನೆಲ್ಲ ಸುತ್ತುವವನು, ಅವನಿಗೆ ಯಾವ ಊರಾದರೂ ಆದೀತು. ಯೊಲಾಂದಾಳಿಗೆ ಹಾಗಲ್ಲ. ಗಂಡ ಹೊರಟ ಮೇಲೆ ಸಂಜೆಯವರೆಗೆ ಆಕೆಗೆ ಮಾತಿಗಿದ್ದವಳು ನಾಗರತ್ನಕ್ಕ ಒಬ್ಬಳೇ. "ಅಕ್ಕಾ, ನೀ ಎಲ್ಲೋ ನಾ ಅಲ್ಲೆ," ಎಂದಳು. ಕೆಳಗೆ ಖಾನಾವಳಿ, ಮೇಲೆ ಯೊಲಾಂದಾ, ಈಗಿರುವ ಹಾಗೆಯೇ. ಅಂಥ ಮನೆ ಹುಡುಕುವುದೆಂದು ಮಾತಾಯಿತು.

ಯಾವ ಊರು ಎಂಬುದಕ್ಕೆ ಗಿರಾಕಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ನಾಗರತ್ನಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ನೀರಾಗ ತೊಗರಿ ಬ್ಯಾಳಿ ಬೇಯ್ತೈತೇನು? ಬ್ಯಾಳಿ ಬೇಯಲಿಲ್ಲಂದ್ರ ಊರು ತಗೊಂಡು ಏನ ಮಾಡ್ಲಿ?" ಯಾರ ಬಳಿಯೂ ಉತ್ತರ ಇರಲಿಲ್ಲ. ಆದ್ದರಿಂದ ನಮ್ಮ ಅಂಗಡಿಯ ರಜೆಯ ದಿನ ನಾವು ಮೂವರೂ ಬಸ್ ಹತ್ತುವುದು, ಮನೆ ನೋಡುವುದು, ಆ ಮನೆಯ ನೀರು ಒಂದು ಕ್ಯಾನು ತುಂಬಿಕೊಂಡು ಬಂದು ಇಳಕಲ್ಲಿನಲ್ಲಿ ಬೇಳೆ ಬೇಯಿಸಿ ನೋಡುವುದು ಎಂದಾಯಿತು. ಕ್ಯಾನು ಹೊರುವ ಕೆಲಸ ನನ್ನದು. ಆಕೆ ಹೋದ ಊರಿಗೆ ನನ್ನ ಊಟವೂ ಹೋಗುತ್ತದಲ್ಲ, ಹೊರದೆ ಏನು ಮಾಡಲಿ? ಮೊದಲ ಸಲ ಮರಳುವಾಗ ನೀರಿನ ಕ್ಯಾನು ಕಂಡು, "ಕಾಶಿಗೆ ಹೋಗಿದ್ರೇನ್ರಿ?" ಎಂದು ಕಂಡಕ್ಟರ್ ಕೇಳಿದ.

ಮೊದಲು ಬಾಗಲಕೋಟೆಯ ನವನಗರ. ಅಗಲ ರಸ್ತೆ, ನಂಬರು ಹಾಕಿದ ಸೆಕ್ಟರು. "ಎಲ್ಲಾ ಒಂದ ನಮೂನಿ ಅದಾವ. ನನ್ನ ಖಾನಾವಳಿ ಹುಡುಕೂದರಾಗ ಗಿರಾಕಿ ಹಸಿವಿ ಇಂಗಿ ಹೊಕ್ಕೈತಿ," ಎಂದು ನಾಗರತ್ನಕ್ಕ ಮೂಗು ಮುರಿದಳು. ಮನೆಯೊಡತಿ ಚಹಾ ಕೊಟ್ಟು, ಯೊಲಾಂದಾ ನಕ್ಕಾಗಲೆಲ್ಲ ಬಗ್ಗಿ ಬಗ್ಗಿ ಆಕೆಯ ಬಾಯೊಳಗೆ ನೋಡಿದಳು. "ಹಲ್ಲು ಚಲೋನ ಅದಾವಲ್ಲ ನಿಮ್ಮವು," ಎಂದಳು, ಬಹಳ ಅಚ್ಚರಿಯಿಂದ. ಮಾರನೆಯ ದಿನ ಫೋನ್ ಬಂತು: ಕೆಳಗಿನದು ಕೊಡುತ್ತೇವೆ, ಮೇಲಿನದಕ್ಕೆ ನೆಂಟರು ಬರುತ್ತಾರೆ.

ಬಾದಾಮಿಯ ಮಾಲೀಕರಿಗೆ ಹೊರದೇಶದವರು ಹೊಸಬರಲ್ಲ. ಅವರ ಲೆಕ್ಕದಲ್ಲಿ ಹೊರದೇಶದವರೆಂದರೆ ನಾಲ್ಕು ದಿನ ಬಂಡೆ ಹತ್ತಿ, ಫೋಟೊ ತೆಗೆದು, ಹೋಗುವವರು. "ವರ್ಷಗಟ್ಲೆ ಇರ್ತಾರ? ಯಾಕ, ಅವ್ರ ಊರಾಗ ಏನಾಗೇತಿ?" ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, "ಅದ ಸುಣ್ಣದ ಸುದ್ದಿ ಖರೇನ್ರಿ? ದಿನಕ್ಕ ಅರ್ಧಾ ಕಿಲೊ ಬೇಕಂತಲ್ಲ," ಎಂದರು. ನಾಗರತ್ನಕ್ಕನಿಗೆ ಆ ಕ್ಷಣದಲ್ಲೇ ನಳದ ಹತ್ತಿರ ತುರ್ತು ಕೆಲಸ ಬಂತು. ಆ ಬೋರಿನ ನೀರಿನಲ್ಲಿ ಬೇಳೆ ಎರಡು ತಾಸು ಕುದ್ದರೂ ಕಾಳು ಕಾಳಾಗಿಯೇ ಉಳಿಯಿತು. ಆಕೆಗೆ ಒಳಗೊಳಗೇ ಸಮಾಧಾನವಾದಂತೆ ನನಗೆ ಕಂಡಿತು. ಬಾದಾಮಿ ಬೇಡ ಎನ್ನಲು ಬೇಳೆಯದೇ ಕಾರಣ ಸಿಕ್ಕಿತ್ತು.

ಮೂರನೆಯದು ಹುನಗುಂದ. ನಿವೃತ್ತ ಅಂಚೆ ಮಾಸ್ತರ ಹೊಳಬಸಪ್ಪನವರ ಮನೆ, ದೊಡ್ಡ ರಸ್ತೆಯ ಮೇಲೆ. ಕೆಳಗೆ ವಿಶಾಲವಾದ ಅಂಗಡಿ, ಮೇಲೆ ಎರಡು ಖೋಲಿ. ಅಲ್ಲಿಗೆ ಮೊದಲು ನಾನೊಬ್ಬನೇ ಹೋಗಿ ನೀರು ತಂದಿದ್ದೆ. ಬೇಳೆ ಒಂದೇ ಕುದಿಗೆ ಬೆಣ್ಣೆಯಾಯಿತು. ನಾಗರತ್ನಕ್ಕ ಸೌಟಿನಿಂದ ಎತ್ತಿ ಸುರಿದು, ಎತ್ತಿ ಸುರಿದು ನೋಡಿದಳು. ಇಳಕಲ್ಲಿನಿಂದ ಅರ್ಧ ತಾಸಿನ ದಾರಿ, ನನ್ನ ಊಟಕ್ಕೂ ಮೋಸವಿಲ್ಲ. ಮುಂದಿನ ವಾರ ಮಾತು ಮುಗಿಸಲು ಮೂವರೂ ಹೊರಟೆವು. ಯುಗಾದಿಗೆ ಹನ್ನೆರಡು ದಿನ ಉಳಿದಿತ್ತು, ನಾಲ್ಕನೆಯ ಮನೆ ನಮ್ಮ ಕೈಯಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಯೊಲಾಂದಾ ಕೇಳಿದಳು, "ಅಕ್ಕಾ, ಎಲ್ಲಾರೂ ನನಗ ಸುಣ್ಣಾ ಸುಣ್ಣಾ ಅಂತ ಯಾಕ ಕೇಳ್ತಾರ?" ನಾಗರತ್ನಕ್ಕ ಕಿಟಕಿಯಾಚೆ ನೋಡುತ್ತ ಕೂತಳು.

ಹೊಳಬಸಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಇಳಕಲ್ಲಿಗೆ ಬಂದಾಗಲೆಲ್ಲ ಆಕೆಯ ಕೈಯೂಟ ಉಂಡವರು. "ನಾಗರತ್ನಾ, ಕೆಳಗಿನ ಜಾಗಾ ನಿಂದ. ನಾಳಿಗೇ ಬಂದು ಒಲಿ ಹೂಡು," ಎಂದರು. "ಮ್ಯಾಲಿನವು ಈ ಹೆಣಮಗಳಿಗೆ ಆಗೂದಿಲ್ಲ."

"ಯಾಕ್ರಿ ಕಾಕಾರ?"

"ಹೋದ ತಿಂಗಳಷ್ಟ ಗ್ವಾಡಿಗೆ ಸುಣ್ಣ ಹೊಡಿಸೇನಿ. ಇವ್ರು ಕೆರಕೊಂಡು ತಿಂತಾರಂತ."

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಯೊಲಾಂದಾಳ ಮುಖ ನೋಡಿ ನಗು ಬರಲಿಲ್ಲ. ಆಕೆ ನಿಧಾನವಾಗಿ ಹೇಳಿದಳು, "ಅಜ್ಜಾರ, ನಾ ಗ್ವಾಡಿ ತಿನ್ನೂದಿಲ್ರಿ. ಯಾರು ಹೇಳ್ಯಾರ ನಿಮಗ?"

"ಯಾರ ಅಂತ ಹೇಳ್ಲೆವ್ವಾ. ಎಲ್ಲಾರೂ ಹೇಳ್ತಾರ."

ನಾಗರತ್ನಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ದೊಡ್ಡ ರಸ್ತೆಯ ಅಂಗಡಿ, ಬೆಣ್ಣೆಯಂಥ ಬೇಳೆ, ಎಲ್ಲ ಆಕೆಯದೇ. ನಾನು ನೆಲ ನೋಡುತ್ತ ನಿಂತಿದ್ದೆ.

"ನಾನ ಹೇಳೇನ್ರಿ ಕಾಕಾರ," ಎಂದಳು ಆಕೆ. "ಮದ್ಲ ಹೇಳಿದಾಕಿ ನಾನ. ಸುಣ್ಣದಾಗ ಕುದಸ್ತಾರ, ಖರೆ. ಆಮ್ಯಾಲ ಮೂರು ನೀರಾಗ ತೊಳೀತಾರ. ಅದನ್ನ ನೋಡಿನೂ ನಾ ಹೇಳಲಿಲ್ಲ. ಮಂದಿ ನಗಲಿ ಅಂತ."

ಹೊಳಬಸಪ್ಪನವರು ಆಕೆಯ ಕಡೆ ತಿರುಗಿ ಕೂತರು. "ನಿನ್ನ ಖಾನಾವಳ್ಯಾಗ ಹುಟ್ಟಿದ ಸುದ್ದಿ ಅಂತನ ನಂಬಿದ್ವಿ," ಎಂದರು. "ಬ್ಯಾರೇದವ್ರು ಹೇಳಿದ್ರ ಯಾರ ನಂಬತಿದ್ರು? ಹೋಗ್ಲಿ. ಒಂದ ಕಟ್ಟಡದಾಗ ವರ್ಷ ಇದ್ದೀರಿ. ತಿಂದೀಯಲ್ಲ, ಹೆಂಗಿರತೈತಿ ಆ ರೊಟ್ಟಿ?"

ಸಾದಾ ಪ್ರಶ್ನೆ. ನಾಗರತ್ನಕ್ಕ ಅದಕ್ಕೇ ತಡವರಿಸಿದಳು. "ಗೊತ್ತಿಲ್ರಿ," ಎಂದಳು. "ವಾರಕ್ಕೊಮ್ಮೆ ತಾಟ ತುಂಬ ತಂದ ಕೊಡತಿದ್ದಳು. ನಾ ಹಿತ್ತಲದಾಗ ಆಕಳಿಗೆ ಹಾಕತಿದ್ದೆ."

ಇದು ನನಗೂ ಗೊತ್ತಿರಲಿಲ್ಲ. ಯೊಲಾಂದಾಳ ಚೀಲದಲ್ಲಿ ದಾರಿಯ ಬುತ್ತಿಗೆಂದು ಬಟ್ಟೆಯಲ್ಲಿ ಸುತ್ತಿದ ರೊಟ್ಟಿಗಳಿದ್ದವು. ನಾಗರತ್ನಕ್ಕ ಚೀಲಕ್ಕೆ ತಾನೇ ಕೈ ಹಾಕಿ, ಗಂಟು ಬಿಚ್ಚಿ, ಒಂದನ್ನು ತೆಗೆದು, ಕಟ್ಟೆಯ ಮೇಲೆ ಕೂತು ತಿನ್ನತೊಡಗಿದಳು. ಪಲ್ಯವಿಲ್ಲ, ಚಟ್ನಿಯಿಲ್ಲ. ನಾವು ಮೂವರೂ ಆಕೆಯ ದವಡೆ ನೋಡುತ್ತ ನಿಂತೆವು. ಪೂರ್ತಿ ಒಂದು ರೊಟ್ಟಿ ತಿಂದು ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಉಪ್ಪು ಕಡಿಮಿ ಐತಿ," ಎಂದಳು. "ಹಿಟ್ಟು ಭಾಳ ಚಲೋ ಹದಕ್ಕ ಬಂದೈತ್ರಿ. ಆರಿದ್ರೂ ಮೆತ್ತಗ ಐತಿ. ನನ್ನ ರೊಟ್ಟಿ ಇಷ್ಟ ಹೊತ್ತು ಹಿಂಗ ಇರೂದಿಲ್ಲ."

"ಉಪ್ಪು ಕಡಿಮಿ ಅಂದ್ಯಲ್ಲ, ಈಗ ನಂಬಿದೆ," ಎಂದು ಹೊಳಬಸಪ್ಪನವರು ಒಳಗೆ ಹೋಗಿ ಎರಡು ಕೀಲಿಕೈ ತಂದರು. ಮೇಲಿನದನ್ನು ಯೊಲಾಂದಾಳ ಕೈಗೇ ಕೊಟ್ಟರು. ಆಕೆ ಅವರಿಗೂ ಒಂದು ರೊಟ್ಟಿ ನೀಡಿದಳು. "ಬ್ಯಾಡವ್ವಾ, ನನ್ನ ಹಲ್ಲು ಕಟ್ಟಿಸಿದವು," ಎಂದು ತಪ್ಪಿಸಿಕೊಂಡರು. ಮಾತು ಮುಗಿಸಿ ನಾವು ಹೊರಡುವಾಗ ಅವರು ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿದ್ದನ್ನು ನಾನು ನೋಡಿದೆ.

ಬಸ್ ನಿಲ್ದಾಣ ಮುಟ್ಟುವವರೆಗೂ ನಾಗರತ್ನಕ್ಕ ಉಸಿರೆತ್ತಲಿಲ್ಲ. ಅಷ್ಟು ದೂರ ಆಕೆ ಮಾತಿಲ್ಲದೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತ ಮೇಲೆ, "ತಪ್ಪಾತು ಯಲ್ಲವ್ವಾ," ಎಂದಳು.

"ಆಕಳದ್ದು ನನಗ ಗೊತ್ತಿತ್ತಕ್ಕಾ. ನಮ್ಮ ಅಡಗಿಮನಿ ಕಿಡಕ್ಯಾಗಿಂದ ಹಿತ್ತಲಾ ಕಾಣತಿತ್ತು."

"ಮತ್ತ ವರ್ಷಪೂರ್ತಿ ಯಾಕ ಕೊಟ್ಟಿ?"

ಯೊಲಾಂದಾ ತನ್ನ ಕನ್ನಡದಲ್ಲಿ ಮಾತು ಹುಡುಕಿ ಹುಡುಕಿ ಹೇಳಿದಳು. "ಬಂದ ಹೊಸದಾಗ ಓಣ್ಯಾಗ ಎಲ್ಲಾರ ಮನಿಗೂ ಒಯ್ದಿದ್ದೆ. ಎಲ್ಲಾರೂ ಬಾಗಲದಾಗ ನಿಂತ ಬ್ಯಾಡ ಅಂದ್ರು. ನೀ ಒಬ್ಬಾಕಿ ಎರಡೂ ಕೈ ಒಡ್ಡಿ ತಗೋತಿದ್ದಿ. ನನಗ ಅಷ್ಟ ಸಾಕಿತ್ತು."

ನಾಗರತ್ನಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಾಗಿಲಲ್ಲಿ ನಿಂತು ಬೇಡ ಎಂದವರಲ್ಲಿ ನಾನೂ ಒಬ್ಬ. ಯೊಲಾಂದಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಆದರೆ ಆಕೆಗೆ ನೆನಪಿದೆ ಎಂದು ನನಗೆ ಗೊತ್ತಿತ್ತು. ಇಳಕಲ್ ಬಸ್ ಬಂದು ನಿಂತಿತು, ಕಂಡಕ್ಟರ್ ಎರಡು ಸಲ ಕೂಗಿದ. ನಾವು ಯಾರೂ ಏಳಲಿಲ್ಲ.