ಪಿತೃಪಕ್ಷದೊಳಗೆ ಕಲಿಯಬೇಕಿದ್ದ ನಾಯಿ

ಸರಸ್ವತಿ ಪೂಜೆಯ ದಿನ ಹಳದಿ ಸೀರೆ ಸುತ್ತಿಕೊಂಡು ಶಾಲೆಗೆ ಹೋಗಿದ್ದ ಒಂಬತ್ತು ವರ್ಷದ ಮಗಳು, ಮಧ್ಯಾಹ್ನ ಸೆರಗಿನಲ್ಲಿ ಏನನ್ನೋ ಗಂಟು ಕಟ್ಟಿಕೊಂಡು ಬಂದಳು. ಪ್ರಸಾದವಿರಬೇಕೆಂದು ನಾನು ತಟ್ಟೆ ಹಿಡಿದೆ. ಗಂಟು ಬಿಚ್ಚಿದರೆ ಬಿಳಿ ಮೈಯ, ಒಂದು ಕಿವಿ ಮಾತ್ರ ಕಂದು ಬಣ್ಣದ್ದಾಗಿದ್ದ ಗಂಡು ನಾಯಿಮರಿ. ಅದು ತಟ್ಟೆಯಲ್ಲೇ ಉಚ್ಚೆ ಹೊಯ್ದಿತು.

"ಎಂತ ಅದು? ಹೊರಗೆ! ಮೊದಲು ಹೊರಗೆ ಹೋಗ್ಲಿ!" ಅಡುಗೆಮನೆಯಿಂದ ಅತ್ತೆಯ ಕೂಗು.

"ಅಜ್ಜೀ, ಅದರ ಮಾ ಲಾರಿಗೆ ಸಿಕ್ಕಿ ಸತ್ತುಹೋಯ್ತು" ಎಂದಳು ಮಗಳು. ಬಂಗಾಳಿ ಶಬ್ದಗಳು ಅವಳ ಕನ್ನಡದೊಳಗೆ ಹೀಗೆ ಕೇಳದೆಯೇ ಬಂದು ಕೂರುತ್ತಿದ್ದವು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಂಗಾಳದ ಟಾಲಿಗಂಜ್‌ನ ಒಂದು ಗಲ್ಲಿಯಲ್ಲಿ ನೆಲಮಹಡಿಯ ಬಾಡಿಗೆ ಮನೆ ನಮ್ಮದು. ಕೆಂಪು ಸಿಮೆಂಟಿನ ನೆಲ, ಎರಡು ಕೋಣೆ, ಬೀದಿ ಬಾಗಿಲಿನಿಂದ ಹಿಂದಿನ ನಲ್ಲಿಯವರೆಗೆ ಒಂದು ಉದ್ದನೆಯ ಓಣಿ. ಅಡುಗೆಮನೆಯ ಹೊಸ್ತಿಲು ಆ ಓಣಿಯ ನಟ್ಟನಡುವೆ. ನನ್ನ ಗಂಡ ಟ್ರಾಮ್ ದಾರಿಯ ಪಕ್ಕದಲ್ಲಿ ಇಡ್ಲಿ, ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದರು. ಮನೆಯ ಅಡುಗೆಮನೆ ಮಾತ್ರ ಅತ್ತೆಯದು. ಉಡುಪಿ ಕಡೆಯಿಂದ ಬಂದು ಈ ಊರಲ್ಲಿ ನೌಕರಿಗಿದ್ದವರಿಗೆ ಮಡಿಯಲ್ಲಿ ಬೇಯಿಸುವ ಅನುಕೂಲವಿರಲಿಲ್ಲ. ಪಿತೃಪಕ್ಷದ ಹದಿನೈದು ದಿನ ಅವರ ಮನೆಗಳ ಶ್ರಾದ್ಧದ ಅಡುಗೆಯೆಲ್ಲ ನಮ್ಮ ಒಲೆಯ ಮೇಲೆ ಆಗುತ್ತಿತ್ತು. ಅರುವತ್ತೆಂಟರ ಅತ್ತೆ ಒದ್ದೆ ಸೀರೆಯಲ್ಲಿ ನಿಂತು ಬೇಯಿಸುತ್ತಿದ್ದರು. ಆ ಹೊಸ್ತಿಲನ್ನು ನಾನೂ ಮಿಂದು ಬರದೆ ದಾಟುವಂತಿರಲಿಲ್ಲ.

ಮಗಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಅತ್ತೆಯೇ ಹೇಳಿದರು: "ಪಕ್ಷ ಶುರುವಾಗೂದ್ರೊಳಗೆ ಮನೆಯೊಳಗೆ ಗಲೀಜು ಮಾಡದ ಹಾಗೆ ಕಲಿಸಿ. ಕಲಿತ್ರೆ ಇರ್ಲಿ. ಇಲ್ಲದಿದ್ರೆ ಇಲ್ಲ. ಹೆಸರು ಗಿಸರು ಇಡ್ಬೇಡಿ. ಹೆಸರಿಟ್ರೆ ಉಳಿದುಬಿಡ್ತದೆ."

ಮಗಳು ಬೆರಳು ಮಡಚಿ ಎಣಿಸಿದಳು. ಏಳು ತಿಂಗಳು. ಬೇಕಾದಷ್ಟಾಯಿತು ಎಂದು ಇಬ್ಬರೂ ಅಂದುಕೊಂಡೆವು.

ಮೊದಲ ನಾಲ್ಕು ತಿಂಗಳು ಸುಲಭವೇ ಆಯಿತು ಎನ್ನಬೇಕು. ನಾನು ತಾಳ್ಮೆಯವಳು, ಬೇರೆ ಗುಣವೇನೂ ಇಲ್ಲದಿದ್ದರೂ ಅದೊಂದು ಇತ್ತು. ಮರಿ ಎದ್ದ ಕೂಡಲೇ ಎತ್ತಿಕೊಂಡು ಗಲ್ಲಿಯ ಚರಂಡಿಯ ಹತ್ತಿರ ಬಿಡುವುದು, ಗಂಜಿ ಕುಡಿಸಿದ ಮೇಲೆ ಮತ್ತೆ, ಆಡಿದ ಮೇಲೆ ಮತ್ತೆ. ಅದು ಮೂಗು ನೆಲಕ್ಕಿಟ್ಟು ಸುತ್ತು ಹೊಡೆಯತೊಡಗಿದರೆ ಅರೆಯುತ್ತಿದ್ದ ಕಲ್ಲನ್ನು ಅಲ್ಲೇ ಬಿಟ್ಟು ಓಡುವುದು. ಬೀದಿ ಬಾಗಿಲ ಬಳಿ ಹಳೆಯ ಬಂಗಾಳಿ ಪೇಪರು ಹಾಸಿದ್ದೆ. ವಾರಕ್ಕೊಂದು ಹಾಳೆ ಕಡಿಮೆ ಮಾಡುತ್ತ ಬಂದೆ. ಚೈತ್ರದ ಬಿಸಿಲು ಏರುವಷ್ಟರಲ್ಲಿ ಅದು ತಾನಾಗಿಯೇ ಬಾಗಿಲು ಕೆರೆಯತೊಡಗಿತ್ತು. ಅತ್ತೆ ಹೊಸ್ತಿಲೊಳಗೆ ನಿಂತು, ಸುಟ್ಟುಹೋದ ದೋಸೆಯನ್ನು ಅದರತ್ತ ಎಸೆದು, "ನಮ್ಮ ಮನೆ ಗಂಡಸರಿಗಿಂತ ಇದೇ ವಾಸಿ. ಹೇಳಿದ್ದು ತಲೆಗೆ ಹೋಗ್ತದೆ" ಎನ್ನುತ್ತಿದ್ದರು.

ಮಳೆಗಾಲದಲ್ಲಿ ಅದು ಕಾಲೆತ್ತಲು ಕಲಿಯಿತು.

ಒಂದು ಬೆಳಿಗ್ಗೆ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡುತ್ತೇನೆ, ನಾಯಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಇಷ್ಟೇ ಇಷ್ಟು ಹೊಯ್ದು ಓಡಿಹೋಯಿತು. ಹೊರಗೆ ಹೋಗುವ ಅವಸರವಲ್ಲ ಅದು, ಆಗಷ್ಟೇ ಹೊರಗೆ ಹೋಗಿ ಬಂದಿತ್ತು. ಒಳಗೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಮೈಲಿಗೆಯಾಯಿತೆಂದು ಅತ್ತೆ ಆ ಅನ್ನವನ್ನು ಇಳಿಸಿ ನನಗೆ ಬಿಟ್ಟುಕೊಟ್ಟರು. ತಲೆಗೆ ನೀರು ಸುರಿದುಕೊಂಡು ಬಂದು ಹೊಸ ಅಕ್ಕಿ ಇಟ್ಟರು. ನನ್ನನ್ನು ಖಟಾಲಿಗೆ ಕಳಿಸಿದರು.

ಖಟಾಲ್ ಎಂದರೆ ಬಿಹಾರದಿಂದ ಬಂದ ಹಾಲಿನವರ ದನದ ಕೊಟ್ಟಿಗೆ. ಆಗ ಗಲ್ಲಿಗೊಂದು ಇರುತ್ತಿತ್ತು. ಹಿತ್ತಾಳೆ ಚೊಂಬು ಹಿಡಿದುಕೊಂಡು ಹೋಗಿ ಕಪ್ಪು ಹಸುವಿನ ಹಿಂದೆ ಕಾದು ನಿಂತೆ. "ಬಹೂಜಿ, ಎಲ್ಲರೂ ಹಾಲಿಗೆ ಬರ್ತಾರೆ, ನೀವೊಬ್ರು ಹಿಂದಿನದಕ್ಕೆ!" ಎಂದು ಹಾಲಿನವ ನಕ್ಕ. ತಂದ ಗೋಮೂತ್ರವನ್ನು ಅತ್ತೆ ದರ್ಭೆಯಿಂದ ಹೊಸ್ತಿಲಿಗೆ, ಚೌಕಟ್ಟಿಗೆ, ಓಣಿಯ ಉದ್ದಕ್ಕೂ ಚಿಮುಕಿಸಿದರು. ಮನೆ ಶುದ್ಧವಾಯಿತು.

ಮಾರನೇ ದಿನ ಅದೇ ಚೌಕಟ್ಟು. ಅದರ ಮಾರನೇ ದಿನ ಹೊಸ್ತಿಲು, ಗೋಡೆಯ ಮೂಲೆ, ಅರೆಯುವ ಕಲ್ಲು. ನಾನು ಗದರಿದೆ. ಒಮ್ಮೆ ಹೊಡೆದೆ ಕೂಡ. ಅದು ಬಾಲ ಒಳಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡಿತು. ಕಟ್ಟಿಹಾಕಿದರೆ ಇಡೀ ದಿನ ಊಳಿಡುತ್ತಿತ್ತು. ಬೀದಿಗೆ ಬಿಟ್ಟರೆ ಕಾರ್ಪೊರೇಷನ್ನಿನ ನಾಯಿ ಹಿಡಿಯುವ ಗಾಡಿಯ ಭಯ. ಅತ್ತೆ ಒಂದೊಂದು ಬೆಳಿಗ್ಗೆ ಮೂರು ಸಲ ಮೀಯುತ್ತಿದ್ದರು. ಅವರಿಗೆ ನೆಗಡಿ ಹಿಡಿಯಿತು, ಬಿಡಲಿಲ್ಲ. ಬಯ್ಯುವುದನ್ನೂ ನಿಲ್ಲಿಸಿದರು. ಅವರು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅಡುಗೆಗೆ ಮೊದಲು ಗೋಮೂತ್ರ ಚಿಮುಕಿಸುವುದು ದಿನದ ನಿಯಮವೇ ಆಯಿತು, ನಾನು ಪ್ರತಿದಿನವೂ ಚೊಂಬು ಹಿಡಿದು ಖಟಾಲಿಗೆ ಹೋಗುತ್ತಿದ್ದೆ.

ಮೇಲಿನ ಮಹಡಿಯ ಮನೆಯೊಡತಿಗೆ ಒಬ್ಬ ಅಣ್ಣ ಇದ್ದರು, ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಪಕ್ಷಕ್ಕೆ ಹತ್ತು ದಿನ ಇದೆ ಎನ್ನುವಾಗ ತಂಗಿಯ ಮನೆಗೆ ಬಂದವರನ್ನು ನಾನು ಮೆಟ್ಟಿಲಲ್ಲೇ ತಡೆದು ಕೇಳಿದೆ. ಅವರು ನಶ್ಯ ಏರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಏನು ಹಾಕಿ ತೊಳೆಯುತ್ತೀರಿ ಎಂದರು. ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಬೌಮಾ! ದಿನಾ ಬೆಳಿಗ್ಗೆ ಬೇರೆ ಪ್ರಾಣಿಯ ಕಾಗದ ತಂದು ಅದರ ಮೂಗಿನ ಮುಂದೆ ಇಡ್ತೀರಿ. ಅದು ಉತ್ತರ ಬರೆಯಬಾರದು ಅಂದ್ರೆ ಹೇಗೆ?"

ನಾಯಿ ತನ್ನ ಮನೆಯಲ್ಲಿ ಇನ್ನೊಂದು ಪ್ರಾಣಿಯ ವಾಸನೆ ಕಂಡರೆ ಅದರ ಮೇಲೆ ತನ್ನದನ್ನು ಹಾಕದೆ ಬಿಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಹೊಡೆಯಬೇಡಿ, ಸೋಪು ಹಾಕಿ ತಿಕ್ಕಿ, ವಿನೆಗರ್ ಇದ್ದರೆ ಹಚ್ಚಿ, ಆಮೇಲೆ ಬರೀ ನೀರು, ಒಂದು ವಾರ ಸಾಕು ಎಂದರು. ಎರಡು ತಿಂಗಳಿನಿಂದ ಆ ಚೊಂಬು ಹೊತ್ತು ತಂದವಳು ನಾನೇ.

ಅತ್ತೆಗೆ ಹೇಳಿ ನೋಡಿದೆ. ಅವರು ಮೂಗೊರೆಸಿಕೊಂಡರು.

"ನಾಯಿ ಹೊಯ್ದ ಜಾಗಕ್ಕೆ ಬರೀ ನೀರು ಹಾಕಿ ಶ್ರಾದ್ಧದ ಅಡಿಗೆ ಮಾಡೂದಾ? ನಾಯಿಗಾಗಿ ಶಾಸ್ತ್ರ ಬಿಡೂದಾ ಹೇಳು? ನಾಯಿಯನ್ನೇ ಬಿಟ್ರೆ ಆಗ್ತದಲ್ಲ, ಮಾರಾಯ್ತಿ."

ಸಿಟ್ಟಿನಿಂದ ಹೇಳಿದ್ದಲ್ಲ ಅದು. ಅವರ ಮಟ್ಟಿಗೆ ಅದಕ್ಕಿಂತ ನೇರವಾದ ಮಾತು ಇನ್ನೊಂದಿರಲಿಲ್ಲ.

ಅಂದು ಮಧ್ಯಾಹ್ನ ಅವರು ಮಲಗಿದ ಮೇಲೆ ನಾನು ಸೋಪು ಹಾಕಿ ಚೌಕಟ್ಟು, ಹೊಸ್ತಿಲು, ಓಣಿ ಎಲ್ಲ ತಿಕ್ಕಿದೆ. ವಿನೆಗರ್ ನಮ್ಮ ಮಡಿಯ ಮನೆಯೊಳಗೆ ಬರುವಂತಿರಲಿಲ್ಲ, ಆರು ನಿಂಬೆಹಣ್ಣು ಹಿಂಡಿದೆ. ಮರುದಿನ ಬೆಳಿಗ್ಗೆ ಚೊಂಬು ಹಿಡಿದು ಹೊರಟೆ, ಖಟಾಲಿನ ತನಕ ಹೋಗಲಿಲ್ಲ. ಬೀದಿಯ ನಲ್ಲಿಯಲ್ಲಿ ನೀರು ಹಿಡಿದು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಚಿಟಿಕೆ ಅರಿಶಿನ ಕದಡಿದೆ. ಅತ್ತೆಯ ಮೂಗು ಕಟ್ಟಿತ್ತು. ಕಣ್ಣೂ ಅಷ್ಟಕ್ಕಷ್ಟೆ. ಅವರು ಮಂತ್ರ ಹೇಳುತ್ತ ಆ ನೀರನ್ನು ಚಿಮುಕಿಸಿದರು.

ನಾಯಿ ಚೌಕಟ್ಟನ್ನು ಮೂಸಿತು. ಸುಮ್ಮನೆ ಹೋಗಿ ಬೀದಿ ಬಾಗಿಲ ಬಳಿ ಮಲಗಿತು.

ಎರಡನೇ ದಿನವೂ ಹಾಗೆಯೇ. ಮೂರನೇ ದಿನ ಅತ್ತೆ ಒಂದೇ ಸಲ ಮಿಂದರು. ನಾಲ್ಕನೇ ದಿನ, "ಬುದ್ಧಿ ಬಂತು ಕಾಣ್ತದೆ ಇದಕ್ಕೆ" ಎಂದು ಒಂದು ಇಡೀ ದೋಸೆ ಎಸೆದರು. ಸುಟ್ಟದ್ದಲ್ಲ. ಮಗಳು ನನ್ನ ಕಡೆ ನೋಡಿ ನಕ್ಕಳು. ಆ ನಗೆಯಲ್ಲಿ ಏನಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ಅಂದು ಸಂಜೆ ಪಕ್ಷದ ಮೊದಲ ಅಡುಗೆ ಹೇಳಲು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಮ್ಮ ಕಡೆಯ ಒಬ್ಬ ಹುಡುಗ ಬಂದ. ಹಿಂದಿನ ವರ್ಷ ತಂದೆ ತೀರಿಕೊಂಡಿದ್ದರು. ರಜೆ ಸಿಗದೆ ಕೊನೆಗಾಲದಲ್ಲಿ ಊರು ಸೇರಿರಲಿಲ್ಲ. ಅತ್ತೆಗೆ ನಮಸ್ಕಾರ ಮಾಡಿ, "ಅಮ್ಮ, ಅಪ್ಪನಿಗೆ ನಾನು ಬೇರೆ ಎಂತದೂ ಸರಿಯಾಗಿ ಮಾಡ್ಲಿಲ್ಲ. ನಿಮ್ಮ ಮಡಿ ಅಂದ್ರೆ ನಂಬಿಕೆ. ಇದೊಂದಾದ್ರೂ ಸರಿ ಆಗ್ಲಿ" ಎಂದ. ಅತ್ತೆ, "ಆಗ್ತದೆ, ಮಗಾ. ಎಂತ ಕೊರತೆಯೂ ಆಗೂದಿಲ್ಲ" ಎಂದರು.

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾನೂ ಅದೇ ನಂಬಿಕೆಯಲ್ಲಿ ಬೆಳೆದವಳು. ಅರಿಶಿನದ ನೀರು ಶುದ್ಧಿಯಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಗೆ ಮೋಸ ಮಾಡಿದ್ದನ್ನು ಹೇಗೋ ನುಂಗಿಕೊಂಡಿದ್ದೆ. ಆ ಹುಡುಗನ ತಂದೆಗೆ ಮಾಡಲು ಧೈರ್ಯ ಬರಲಿಲ್ಲ.

ಮಾರನೇ ಬೆಳಿಗ್ಗೆ ಖಟಾಲಿಗೆ ಹೋದೆ. ಚೊಂಬು ತುಂಬಿಸಿ ತಂದೆ. ಏನಾಗುತ್ತದೆಂದು ತಿಳಿದೇ ತಂದೆ. ಅತ್ತೆ ಚಿಮುಕಿಸಿದ ಹತ್ತು ನಿಮಿಷಕ್ಕೆ ನಾಯಿ ಬಂದು ಮೂಸಿ, ಕಾಲೆತ್ತಿತು.

"ಸರಿ, ಇನ್ನು ಸಾಕು" ಎಂದು ಅತ್ತೆ ನಲ್ಲಿಯ ಕಡೆ ಹೋದರು.

ಸಿನಿಮಾ ಸ್ಟುಡಿಯೋ ಒಂದರ ಗೇಟು ಕಾಯುವ ದರವಾನ ನನ್ನ ಗಂಡನ ಹೋಟೆಲಿಗೆ ಬರುತ್ತಿದ್ದ. ಅವನು ಇಟ್ಟುಕೊಳ್ಳುತ್ತೇನೆಂದ. ನಾನೂ ಮಗಳೂ ಅಂದೇ ಅದನ್ನು ಬಿಟ್ಟುಬಂದೆವು. ಅವಳು ಅಳಲಿಲ್ಲ. ಟ್ರಾಮ್ ಹಳಿಯ ಪಕ್ಕ ನಡೆಯುತ್ತ ಕೇಳಿದಳು:

"ನೀನು ಹೋಲುದ್ ನೀರು ಯಾಕೆ ನಿಲ್ಲಿಸಿದ್ದು?"

ಹೋಲುದ್ ಎಂದರೆ ಅರಿಶಿನ. ಬೀದಿಯ ನಲ್ಲಿಯ ಹತ್ತಿರ ನನ್ನನ್ನು ನೋಡಿದ್ದಳು.

"ಅದು ಪಿತೃಗಳ ಊಟ, ಮಗಾ."

"ಸತ್ತವರಿಗೆ ಗೊತ್ತಾಗ್ತದಾ?"

"ನನಗೆ ಗೊತ್ತಾಗ್ತದಲ್ಲ."

"ಹಾಗಾದ್ರೆ ನಿನಗೋಸ್ಕರ ಬಿಟ್ಟದ್ದು. ಅಜ್ಜಿಗೋಸ್ಕರ ಅಲ್ಲ" ಎಂದಳು. ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿದುಕೊಳ್ಳಲೂ ಇಲ್ಲ.

ಪಕ್ಷವೆಲ್ಲ ಸುಸೂತ್ರವಾಗಿ ನಡೆಯಿತು. ಆ ಹುಡುಗ ಊಟವಾದ ಮೇಲೆ ಅತ್ತೆಯ ಎದುರು ಕಣ್ಣೊರೆಸಿಕೊಂಡ. ದುರ್ಗಾ ಪೂಜೆ ಮುಗಿದ ಮೇಲೆ ನಾನು ಒಬ್ಬಳೇ ಸ್ಟುಡಿಯೋ ಗೇಟಿಗೆ ಹೋದೆ. ದರವಾನ ಕೈಯಾಡಿಸಿದ. ಸಪ್ತಮಿಯ ದಿನ ಪಟಾಕಿಗೆ ಬೆದರಿ ಹಗ್ಗ ಕಡಿದುಕೊಂಡು ಓಡಿದ್ದು, ಮತ್ತೆ ಬರಲಿಲ್ಲವಂತೆ.

ಮಗಳಿಗೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ಅವಳು ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದಾಗ ಹತ್ತಿರ ಕುಳಿತು ಹೇಳಿದೆ.

"ಗೊತ್ತು" ಎಂದಳು, ಕಾಗದ ಮಡಚುವುದನ್ನು ನಿಲ್ಲಿಸದೆ. ಬಿಟ್ಟುಬಂದ ಮಾರನೇ ದಿನದಿಂದಲೇ ಶಾಲೆಯಿಂದ ಬರುವಾಗ ಆ ದಾರಿಯಾಗಿ ಬರುತ್ತಿದ್ದಳಂತೆ, ಡಬ್ಬಿಯಲ್ಲಿ ಅದಕ್ಕೆಂದು ಅರ್ಧ ಚಪಾತಿ ಉಳಿಸಿಕೊಂಡು.

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ" ಎಂದಳು. ಗೋಂದಿನ ಬಟ್ಟಲನ್ನು ನನ್ನ ಕಡೆಯಿಂದ ತನ್ನ ಕಡೆಗೆ ಎಳೆದುಕೊಂಡಳು.