ಒಂದೂ ಒಡೆಯದ ಬುಟ್ಟಿ

ನಮ್ಮ ಭಾವ ಮೊಟ್ಟೆ ವ್ಯಾಪಾರಿ. ಊರಿನ ಮನೆಮನೆಯಿಂದ ಮೊಟ್ಟೆ ಕೂಡಿಸಿ, ಬುಟ್ಟಿಯಲ್ಲಿ ಹುಲ್ಲು ಹಾಸಿ ಜೋಡಿಸಿ, ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಕಾಲುವೆ ಏರಿಯ ಜಲ್ಲಿ ರಸ್ತೆಯಲ್ಲಿ ಪೇಟೆಗೆ ಒಯ್ಯುವುದು ಅವರ ಕೆಲಸ. ಇದರಲ್ಲಿ ಲಾಭ ಎಷ್ಟು ಬಂತೋ ದೇವರೇ ಬಲ್ಲ, ಜಂಬ ಮಾತ್ರ ಬೇಕಾದಷ್ಟು ಬಂದಿದೆ. "ನನ್ನ ಬುಟ್ಟೀಲಿ ಒಂದು ಒಡೆದ ಮೊಟ್ಟೆ ತೋರಿಸ್ರಿ, ಬುಟ್ಟಿ ಸಮೇತ ಕೊಟ್ಟು ಹೋಗ್ತೀನಿ" ಎನ್ನುವುದು ಅವರ ನಿತ್ಯದ ಮಂತ್ರ. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಅದನ್ನು ಕೇಳಿ ಕೇಳಿ ಕಿವಿ ತೂತು ಮಾಡಿಕೊಂಡವಳು.

ರಸ್ತೆಯ ವಿಷಯ ಹೇಳಬೇಕು. ನಮ್ಮ ಕಡೆ ಕಣ್ಣು ಹಾಯುವಷ್ಟು ದೂರವೂ ಭತ್ತದ ಗದ್ದೆ, ಅಂಗೈಯಂತೆ ಸಪಾಟು. ಹತ್ತುವುದಕ್ಕೆ ಒಂದು ದಿಬ್ಬವಿಲ್ಲ, ಇಳಿಯುವುದಕ್ಕೆ ಒಂದು ಇಳಿಜಾರಿಲ್ಲ. ಇಂಥ ನೆಲದ ಮೇಲೂ ಉಬ್ಬುತಗ್ಗು ಮಾಡಿ ತೋರಿಸಿದ ಕೀರ್ತಿ ರಸ್ತೆ ಕಚೇರಿಗೆ ಸೇರಬೇಕು. ಯಾವ ಕಾಲದಲ್ಲೋ ಜಲ್ಲಿ ಸುರಿದು ಹೋದವರು, ಡಾಂಬರು ತರುತ್ತೇವೆ ಎಂದು ಹೋದವರು, ಇನ್ನೂ ತರುತ್ತಲೇ ಇದ್ದಾರೆ.

ಅಕ್ಕನಿಗೆ ಬೆನ್ನಿನ ಡಿಸ್ಕ್ ಜಾರಿ ಎರಡು ವರ್ಷವಾಯಿತು. ವಾರಕ್ಕೊಮ್ಮೆ ಪೇಟೆಯ ಆಸ್ಪತ್ರೆಗೆ ಬಂದು ಚಿಕಿತ್ಸೆ ಮಾಡಿಸಿಕೊಳ್ಳದಿದ್ದರೆ ಎಡಗಾಲು ಸ್ವಾಧೀನ ತಪ್ಪುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಂದು ಸಲ ವ್ಯಾನಿನಲ್ಲಿ ಹೋಗಿ ಬಂದಳು. ಚಿಕಿತ್ಸೆಯಿಂದ ಬಂದ ಸುಖವನ್ನೆಲ್ಲ ವಾಪಸು ಬರುವಾಗ ಜಲ್ಲಿ ರಸ್ತೆ ಬಡ್ಡಿ ಸಮೇತ ಕಿತ್ತುಕೊಂಡಿತು. ಆಮೇಲೆ ಅವಳು ಹೊಸಿಲು ದಾಟಲಿಲ್ಲ. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಯೇ ಅಕ್ಕಿ ಆರಿಸುತ್ತಿದ್ದಳು, ಮಲಗಿಯೇ ನಮ್ಮನ್ನೆಲ್ಲ ಬೈಯುತ್ತಿದ್ದಳು. ಕಾಲು ದಿನದಿಂದ ದಿನಕ್ಕೆ ಜೋಮು ಹಿಡಿಯುತ್ತಿತ್ತು. ಡಾಂಬರು ಬಂದರೆ ಅವಳಿಗೆ ಕಾಲು, ಇಲ್ಲದಿದ್ದರೆ ಇಲ್ಲ.

ಇಂಥ ಹೊತ್ತಿಗೆ ನಮ್ಮ ಭಾಗ್ಯಕ್ಕೆ ಪೇಟೆಯ ಸೈಕಲ್ ಸಂಘದವರು ಬಂದರು. ಅವರ ಮುಖಂಡನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ, ಯಾವ ಹಡಗಿನವನೋ ಗೊತ್ತಿಲ್ಲ. ಅವರಿಗೆ ಬೇಕಾದದ್ದು ಜಲ್ಲಿ ರಸ್ತೆ! ಊರೆಲ್ಲ ಶಾಪ ಹಾಕುವ ರಸ್ತೆಯಲ್ಲಿ ಕುಲುಕಾಡಿಸಿಕೊಳ್ಳಲು ಇವರು ದುಡ್ಡು ಕೊಟ್ಟು ಹೆಸರು ಬರೆಸಿ ಬರುತ್ತಾರೆ. ಗದ್ದೆ ನೋಡಿ "ಆಹಾ", ನಮ್ಮ ಮುರುಕಲು ಕೋಟೆ ಬಾಗಿಲು ನೋಡಿ "ಓಹೋ". ಆ ಬಾಗಿಲ ಪಕ್ಕದಲ್ಲೇ ನನ್ನ ದರ್ಜಿ ಅಂಗಡಿ. ಒಬ್ಬ ಪುಣ್ಯಾತ್ಮ ಹರಿದ ಚಡ್ಡಿ ಹೊಲಿಸಲು ಬಂದ. ಬಿಚ್ಚಿ ನೋಡುತ್ತೇನೆ, ಕೂರುವ ಜಾಗಕ್ಕೆ ಒಳಗಿಂದ ದಿಂಬು ಹೊಲಿದಿದ್ದಾರೆ! ರಸ್ತೆ ರಿಪೇರಿ ಮಾಡುವ ಬದಲು ಅಂಡನ್ನೇ ರಿಪೇರಿ ಮಾಡಿಕೊಂಡವರನ್ನು ನಾನು ಅವತ್ತೇ ಮೊದಲು ಕಂಡದ್ದು.

ನಾವು ಡಾಂಬರು ಬೇಕೆಂದು ಅರ್ಜಿ ಕೊಟ್ಟರೆ, ಈ ದಿಂಬಿನ ಚಡ್ಡಿಯವರು ಬೇಡವೆಂದು ಅರ್ಜಿ ಕೊಟ್ಟರು. ಡಾಂಬರು ಹಾಕಿದರೆ ಹಳೆಯ ಊರುಗಳ ಸೊಗಸು ಕೆಡುತ್ತದಂತೆ. ರಸ್ತೆ ಕಚೇರಿಯ ಇಂಜಿನಿಯರ್ ಸಾಹೇಬರು ಎರಡೂ ಕಡೆ ತಲೆಯಾಡಿಸುತ್ತ ಕೂತರು. ಆಗ ಉಪಾಯ ಹೇಳಿಕಳಿಸಿದವಳು ಮಲಗಿದ್ದ ಅಕ್ಕ. ಸಾಹೇಬರು ಜೀಪಿನಲ್ಲಿ ಹಿಂದೆ ಬರಲಿ, ಮುಂದೆ ಮೊಟ್ಟೆ ಬುಟ್ಟಿಯ ಸೈಕಲ್ ಹೋಗಲಿ, ಪೇಟೆ ಸೇರುವಷ್ಟರಲ್ಲಿ ಮೊಟ್ಟೆ ಒಡೆದರೆ ರಸ್ತೆ ಕೆಟ್ಟಿದೆ ಎಂದು ಒಪ್ಪಿಕೊಳ್ಳಲಿ. ಸ್ವಂತ ಯೋಚಿಸುವ ಕಷ್ಟ ತಪ್ಪಿತಲ್ಲ, ಸಾಹೇಬರು ಖುಷಿಯಿಂದ ಒಪ್ಪಿದರು. ಭಾವನ ಜಂಬದ ಮಂತ್ರ ಅವನ ಕಿವಿಗೂ ಬಿದ್ದಿತ್ತಲ್ಲ, ಕ್ಯಾಪ್ಟನ್ ಕೂಡ ಒಪ್ಪಿದ.

ಆವತ್ತು ಬೆಳಿಗ್ಗೆ ಅಕ್ಕ ಮಲಗಿದಲ್ಲಿಂದಲೇ ತನ್ನ ಕೈಯಾರೆ ಬುಟ್ಟಿ ಜೋಡಿಸಿದಳು.

"ರೀ, ಕೇಳಿಸ್ಕೊಳ್ಳಿ. ಒಂದೆಳೆ ಹುಲ್ಲು ಹಾಕಿಲ್ಲ. ನೀವು ಏನೂ ಮಾಡ್ಬೇಡಿ, ಸುಮ್ನೆ ತುಳೀರಿ. ಅರ್ಧ ಬುಟ್ಟಿ ಸೋರಬೇಕು."

"ಸೋರಿಸ್ತೀನಿ ಬಿಡೇ," ಎಂದರು ಭಾವ, ಹಲ್ಲು ಕೀಳಿಸಿಕೊಳ್ಳಲು ಹೊರಟವರ ಮುಖ ಮಾಡಿಕೊಂಡು.

ಒಡೆಯುತ್ತಿದ್ದವೋ ಏನೋ. ಆದರೆ ಹೊರಡುವ ಹೊತ್ತಿಗೆ ಆ ಕ್ಯಾಪ್ಟನ್ ಬಂದು ಭಾವನ ಬೆನ್ನು ತಟ್ಟಿದ. "ಅಂಕಲ್, ಹುಷಾರು. ನಮ್ಮ ಸೈಕಲ್ಲೇ ಇಲ್ಲಿ ಗಡಗಡ ಅನ್ನುತ್ತೆ. ನಿಮ್ಮ ಕೈಲಿ ಎಲ್ಲಾಗುತ್ತೆ, ಪಾಪ."

ಪಾಪ! ಆ ಎರಡಕ್ಷರ ಕಿವಿಗೆ ಬಿದ್ದದ್ದೇ ತಡ, ಭಾವನ ಬೆನ್ನು ನೆಟ್ಟಗಾಯಿತು. ನಮ್ಮ ಕೆಲಸ ಕೆಟ್ಟಿತು ಎಂದು ನನಗೆ ಆಗಲೇ ಗೊತ್ತಾಯಿತು.

ಊರಿನ ಪರವಾಗಿ ಜೀಪಿನಲ್ಲಿ ಕೂತವನು ನಾನು. ಮುಂದೆ ಭಾವ ಹೋಗುತ್ತಿದ್ದ ಚಂದವನ್ನು ಏನು ಹೇಳಲಿ! ಗುಂಡಿ ಬಂದರೆ ಸೀಟಿನಿಂದ ಎದ್ದು ಮಂಡಿ ಸಡಿಲ ಬಿಡುತ್ತಾರೆ, ದಪ್ಪ ಜಲ್ಲಿ ಕಂಡರೆ ಚಕ್ರವನ್ನು ನೂಲಿನಷ್ಟು ಅಂಚಿಗೆ ಸರಿಸುತ್ತಾರೆ, ಒಂದು ಕೈ ಹಿಂದಕ್ಕೆ ಚಾಚಿ ತೊಟ್ಟಿಲು ಹಿಡಿದಂತೆ ಬುಟ್ಟಿ ಹಿಡಿಯುತ್ತಾರೆ. "ಒಂದಾದರೂ ಒಡೀರಿ ಭಾವ, ನಿಮ್ಮ ದಮ್ಮಯ್ಯ" ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಜೀಪು ಎಗರಿದ ಹೊಡೆತಕ್ಕೆ ಸಾಹೇಬರ ತಲೆ ಚಾವಣಿಗೆ ಬಡಿಯಿತು. ಆದರೆ ಪರೀಕ್ಷೆ ಇದ್ದದ್ದು ಮೊಟ್ಟೆಗೆ, ತಲೆಗಲ್ಲ. ಅದರೊಳಗೆ ಒಡೆಯುವಂಥದ್ದೇನೂ ಇರಲೂ ಇಲ್ಲ.

ಪೇಟೆಯಲ್ಲಿ ಬುಟ್ಟಿ ಇಳಿಸಿದರು. ಸಾಹೇಬರು ಬಗ್ಗಿ ನೋಡಿದರು, ಮೇಲಿನ ಪದರ ಎತ್ತಿ ನೋಡಿದರು. ಒಂದೂ ಒಡೆದಿರಲಿಲ್ಲ.

"ಮೊಟ್ಟೇನೇ ಒಡೀಲಿಲ್ಲ ಅಂದ್ಮೇಲೆ ಮನುಷ್ಯರಿಗೆ ಏನ್ರೀ ಆಗುತ್ತೆ?" ಎಂದು ಸಾಹೇಬರು ನನ್ನನ್ನೇ ಕೇಳಿದರು. ಕ್ಯಾಪ್ಟನ್ ಕಡೆಯವರು ಭಾವನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಮುಂದಿನ ವಾರ ಕೋಟೆ ಬಾಗಿಲ ಮುಂದೆ ಸನ್ಮಾನ, "ಜಲ್ಲಿ ವೀರ" ಎಂದು ಬಿರುದು. ಭಾವ ಹಲ್ಲು ಬಿಟ್ಟುಕೊಂಡು ಕೂತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ನಮ್ಮ ಭಾವ ಊರಿಗೂ ಉಪಕಾರಿಯಾಗಲಿಲ್ಲ.

ಮನೆಗೆ ಬಂದಾಗ ಅಕ್ಕ ಬೈಯಲಿಲ್ಲ. ಗೋಡೆ ಕಡೆಗೆ ತಿರುಗಿ ಮಲಗಿದಳು. ಮದುವೆಯಾದಾಗಿನಿಂದ ಬೈಗುಳ ತಿಂದೇ ಬೆಳೆದ ಭಾವನಿಗೆ ಆ ಮೌನ ಹೊಸದು. ಎರಡು ದಿನ ಒದ್ದಾಡಿ, ಮೂರನೆಯ ದಿನ ಸೈಕಲ್ಲಿಗೆ ಹಾಸಿಗೆ ಮಡಿಸಿ ಕಟ್ಟಿದರು.

"ಏಳೇ. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಹುಲ್ಲಿಲ್ಲದ ಮೊಟ್ಟೇನೇ ಮುಟ್ಟಿಸಿದೀನಿ, ನಿನ್ನ ಮುಟ್ಟಿಸಲ್ವಾ?"

ಅಕ್ಕ ಗೋಡೆ ಹಿಡಿದು ಎದ್ದು ಹತ್ತಿ ಕೂತಳು. ನಾನು ಹಿಂದಿನಿಂದ ಇನ್ನೊಂದು ಸೈಕಲ್ಲಿನಲ್ಲಿ ಹೊರಟೆ. ಭಾವ ತಮ್ಮ ವಿದ್ಯೆಯನ್ನೆಲ್ಲ ಖರ್ಚು ಮಾಡಿದರು. ಸುಳ್ಳು ಹೇಳಬಾರದು, ಅವತ್ತಿನ ಸವಾರಿ ಮೊಟ್ಟೆಯ ಸವಾರಿಗಿಂತ ಚೆನ್ನಾಗಿತ್ತು. "ಹೂವಿನ ಥರ ಹೋಗ್ತಿದೆ, ಅಲ್ವೇನೇ?" ಎಂದು ಕೇಳುತ್ತಲೇ ಇದ್ದರು. ಹಿಂದಿದ್ದ ನನಗೆ, ಒಂದು ಬದಿಗೆ ಕಾಲು ಇಳಿಬಿಟ್ಟು ಕೂತಿದ್ದ ಅಕ್ಕನ ಮುಖ ಕಾಣುತ್ತಿತ್ತು. ತುಟಿ ಕಚ್ಚಿ ಹಿಡಿದಿದ್ದಳು, ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು. ನಾನು ಬಾಯಿ ತೆರೆಯಹೋದರೆ ಸುಮ್ಮನಿರೆಂದು ಕೈಸನ್ನೆ ಮಾಡಿದಳು. ನನಗೆ ತಡೆಯಲಾಗಲಿಲ್ಲ.

"ಭಾವ, ನಿಲ್ಸಿ! ಒಂದ್ಸಲ ಹಿಂದೆ ತಿರುಗಿ ನೋಡಿ!"

ಕಲ್ಲು ಸೇತುವೆಯ ಹತ್ತಿರ ನಿಲ್ಲಿಸಿದರು. ತಿರುಗಿ ನೋಡಿದವರ ಮುಖದ ಬಣ್ಣವೇ ಹೋಯಿತು.

"ಒಂದು ಮಾತು ಹೇಳ್ಬಾರದಿತ್ತೇನೇ?"

"ಮೊಟ್ಟೆ ಒಡೆದ್ರೆ ಸೋರುತ್ತೆ, ನಿಮಗೆ ಗೊತ್ತಾಗುತ್ತೆ," ಎಂದಳು ಅಕ್ಕ. "ನಂದು ಹೆಂಗ್ರೀ ಗೊತ್ತಾಗ್ಬೇಕು?"

ಭಾವ ಅವಳನ್ನು ಇಳಿಸಿ, ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ತಿರುಗಿದರು. ಎರಡು ಸೈಕಲ್ ತಳ್ಳಿಕೊಂಡು ಹಿಂದೆ ನಡೆದ ನನಗೆ ಆವತ್ತು ಅವರ ಮೇಲೆ ಬಂದ ಸಿಟ್ಟು, ಕನಿಕರ ಎರಡನ್ನೂ ಹೊತ್ತುಕೊಳ್ಳುವುದು ಕಷ್ಟವಾಯಿತು.

ಸನ್ಮಾನದ ದಿನ ಕೋಟೆ ಬಾಗಿಲ ಮುಂದೆ ದಿಂಬಿನ ಚಡ್ಡಿಗಳ ಸಂತೆ. ಸಾಹೇಬರು ಮುಖ್ಯ ಅತಿಥಿ. ಕ್ಯಾಪ್ಟನ್ ಭಾವನನ್ನು ಹೊಗಳಿ ಅಟ್ಟಕ್ಕೇರಿಸಿ, ಕೊರಳಿಗೆ ಪದಕ ಹಾಕಿ, ಎರಡು ಮಾತಾಡಿ ಎಂದು ಮೈಕು ಕೊಟ್ಟ. ಭಾವ ಮೈಕು ಹಿಡಿದು ಸಾಹೇಬರ ಕಡೆಗೆ ತಿರುಗಿದರು.

"ಸಾರ್, ಅವತ್ತು ಬುಟ್ಟೀಲಿದ್ದದ್ದು ಬೇಯಿಸಿದ ಮೊಟ್ಟೆ."

ಯಾರಿಗೂ ಅರ್ಥವಾಗಲಿಲ್ಲ. ಭಾವ ಇನ್ನೂ ಜೋರಾಗಿ ಹೇಳಿದರು. "ಮೋಸ ಮಾಡ್ಬಿಟ್ಟೆ ಸಾರ್. ಹಸಿ ಮೊಟ್ಟೆ ಈ ರಸ್ತೇಲಿ ಉಳಿಯಲ್ಲ. ನನ್ನ ಬುಟ್ಟೀಲಿ ದಿನಾ ಒಡೀತವೆ. ನಾನು ದಿನಾ ಸುಳ್ಳು ಹೇಳ್ತಿದ್ದೆ."

ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಬೀಳದೇ ಇದ್ದರೂ ಮೀಸೆಗೆ ತಾನೇ ಮಣ್ಣು ಹಚ್ಚಿಕೊಂಡ ಜಟ್ಟಿ ಇವರೊಬ್ಬರೇ. ಕ್ಯಾಪ್ಟನ್ ಹಾಕಿದ ಪದಕವನ್ನು ಕ್ಯಾಪ್ಟನ್ನೇ ಬಿಚ್ಚಿಕೊಂಡ. ಜನ ಬಿದ್ದು ಬಿದ್ದು ನಕ್ಕರು. ತಾನು ಮೋಸಹೋದೆ ಎಂದು ನಾಲ್ಕು ಜನರೆದುರು ಗೊತ್ತಾದದ್ದಕ್ಕೆ ಸಾಹೇಬರಿಗೆ ಎಲ್ಲಿಲ್ಲದ ಕೋಪ. ಆ ಕೋಪದಲ್ಲೇ ಪರೀಕ್ಷೆ ರದ್ದಾಯಿತು, ರಸ್ತೆ ಕೆಟ್ಟಿದೆ ಎಂದು ಬರೆದದ್ದೂ ಆಯಿತು. ಸುಗ್ಗಿ ಮುಗಿಯುವಷ್ಟರಲ್ಲಿ ಡಾಂಬರು ಬಂತು. ಸೈಕಲ್ ಸಂಘದವರು ಬೇರೆ ಯಾರದೋ ಕೆಟ್ಟ ರಸ್ತೆ ಹುಡುಕಿಕೊಂಡು ಹೋದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಭಾವನನ್ನು ಈಗ ಪೇಟೆಯಲ್ಲಿ "ಬೇಯಿಸಿದ ಮೊಟ್ಟೆ" ಎಂದೇ ಕರೆಯುತ್ತಾರೆ. ಕೊಳ್ಳುವವರು ಕಿವಿಯ ಹತ್ತಿರ ಮೊಟ್ಟೆ ಅಲ್ಲಾಡಿಸಿ ನೋಡಿ ನಗುತ್ತಾರೆ. ಅವತ್ತಿನವು ಹಸಿ ಮೊಟ್ಟೆಯೇ ಎಂದು ನಿಜ ಹೇಳಿಬಿಡಲು ನಾನೊಮ್ಮೆ ಎದ್ದೆ. ಭಾವ ನನ್ನ ತೋಳು ಹಿಡಿದು ಕೂರಿಸಿದರು. ನನಗೆ ಅವರ ಮೇಲಿದ್ದ ಸಿಟ್ಟು ಅವತ್ತಿಗೆ ಮುಗಿಯಿತು.

ಅಕ್ಕ ವಾರಕ್ಕೊಮ್ಮೆ ವ್ಯಾನಿನಲ್ಲಿ ಆಸ್ಪತ್ರೆಗೆ ಹೋಗುತ್ತಾಳೆ. ಕಾಲಿಗೆ ಮೆಲ್ಲಮೆಲ್ಲಗೆ ಜೀವ ಬರುತ್ತಿದೆ. ಮೊನ್ನೆ ನಾನೂ ಜೊತೆಗಿದ್ದೆ. ವ್ಯಾನಿನ ಡ್ರೈವರ್‌ಗೆ ಬಾಯಿ ಸುಮ್ಮನಿರಲಿಲ್ಲ.

"ಏನಕ್ಕಾ, ನಿಮ್ಮ ಯಜಮಾನ್ರು ಬೇಯಿಸಿದ ಮೊಟ್ಟೆ ಇಟ್ಕೊಂಡು ಇಂಜಿನಿಯರ್‌ಗೇ ಟೋಪಿ ಹಾಕಿದ್ರಂತೆ?"

ಯಾರೇ ಒಂದು ಮಾತು ಅಂದರೂ ಹತ್ತು ಮಾತು ತಿರುಗಿಸಿ ಕೊಡುವವಳು ನನ್ನ ಅಕ್ಕ. ಅವಳು ಕಿಟಕಿಯಾಚೆ ನೋಡುತ್ತಿದ್ದವಳು ಡ್ರೈವರ್ ಕಡೆಗೆ ತಿರುಗಿದಳು.

"ಹೂಂ ಕಣಪ್ಪಾ," ಎಂದಳು. "ನಾನೇ ಬೇಯಿಸಿಕೊಟ್ಟಿದ್ದು."